‘ಪತ್ತೆಯಾಗಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ

ಕಳೆದ ವರ್ಷ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ನಲವತ್ತು ದಾಟಿದವನು. ಕಾಫಿ ಕುಡಿದಾದ ಮೇಲೂ ಏಳಲಿಲ್ಲ. ನನ್ನ ಮನೆಯವರು ಒಳಗೆ ಹೋದದ್ದನ್ನು ನೋಡಿಕೊಂಡು ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟ. ಎಚ್.ಐ.ವಿ. ವೈರಲ್ ಲೋಡ್ ಪರೀಕ್ಷೆಯ ವರದಿ. ಎರಡು ವರ್ಷದಿಂದ ಅವನು ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆಂಬುದು ನನಗೆ ಗೊತ್ತಾದದ್ದೇ ಆಗ.

‘ಸಾರ್, ಇದರಲ್ಲಿ ಟಾರ್ಗೆಟ್ ನಾಟ್ ಡಿಟೆಕ್ಟೆಡ್ ಅಂತ ಬರೆದಿದೆ. ಅಂದ್ರೆ ವೈರಸ್ ಹೋಯ್ತು ಅಂತ ತಾನೆ? ಇನ್ನು ಮಾತ್ರೆ ನಿಲ್ಲಿಸಬಹುದಲ್ವಾ?’

ಆಸ್ಪತ್ರೆಯಲ್ಲಿ ಕೇಳಲು ಸಂಕೋಚ, ಹಿಂದೆ ಸಾಲಿನಲ್ಲಿ ನಿಂತವರಿದ್ದರಂತೆ. ಮೇಷ್ಟರನ್ನು ಕೇಳೋಣವೆಂದು ಬಂದಿದ್ದ. ಪ್ರಶ್ನೆ ದಡ್ಡತನದ್ದಲ್ಲ. ಆದರೆ ಅದಕ್ಕೆ ತಪ್ಪು ಉತ್ತರ ಸಿಕ್ಕರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎಣಿಸುವುದು ಹೇಗೆ?

ಎಚ್.ಐ.ವಿ. ತನ್ನ ಆನುವಂಶಿಕ ಮಾಹಿತಿಯನ್ನು ಆರ್.ಎನ್.ಎ. ರೂಪದಲ್ಲಿ ಹೊತ್ತಿರುವ ವೈರಸ್. ರಕ್ತದಿಂದ ಕಣಗಳನ್ನು ಬೇರ್ಪಡಿಸಿದಾಗ ಉಳಿಯುವ ತಿಳಿ ಹಳದಿ ದ್ರವ, ಅಂದರೆ ಪ್ಲಾಸ್ಮಾದಲ್ಲಿ, ಒಂದು ಮಿಲಿಲೀಟರಿಗೆ ಈ ಆರ್.ಎನ್.ಎ.ಯ ಎಷ್ಟು ಪ್ರತಿಗಳಿವೆ ಎಂಬ ಲೆಕ್ಕವೇ ವೈರಲ್ ಲೋಡ್.

ಇಷ್ಟು ಸೂಕ್ಷ್ಮ ವಸ್ತುವನ್ನು ಎಣಿಸುವುದು ಸುಲಭವಲ್ಲ. ಮೊದಲು ಆರ್.ಎನ್.ಎ.ಯನ್ನು ಡಿ.ಎನ್.ಎ. ಆಗಿ ಪರಿವರ್ತಿಸುತ್ತಾರೆ. ಈ ಕೆಲಸ ಮಾಡುವ ಕಿಣ್ವವನ್ನು 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಪತ್ತೆ ಮಾಡಿದರು. ನಂತರ ಆ ಡಿ.ಎನ್.ಎ.ಯನ್ನು ಒಂದು ಎರಡಾಗಿ, ಎರಡು ನಾಲ್ಕಾಗಿ ದ್ವಿಗುಣಗೊಳಿಸುತ್ತಾ ಹೋಗುತ್ತಾರೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ಕಂಡುಹಿಡಿದ ಪಿ.ಸಿ.ಆರ್. ವಿಧಾನವಿದು. ಕೋವಿಡ್ ಕಾಲದಲ್ಲಿ ಈ ಹೆಸರು ಮನೆಮಾತಾಯಿತು. 10 ಸಲ ದ್ವಿಗುಣಗೊಂಡರೆ ಒಂದು ಪ್ರತಿ 1,024 ಆಗುತ್ತದೆ. 30 ಸಲಕ್ಕೆ 107 ಕೋಟಿ ದಾಟುತ್ತದೆ.

ಪ್ರತಿಗಳು ಹೆಚ್ಚಿದಂತೆ ಅವುಗಳಿಗೆ ಅಂಟಿದ ಬಣ್ಣದ ಹೊಳಪೂ ಹೆಚ್ಚುತ್ತದೆ. ಹೊಳಪು ಬೇಗ ಕಂಡರೆ ಮೊದಲಿಗೇ ವೈರಸ್ ಹೆಚ್ಚಿತ್ತು ಎಂದರ್ಥ. ತಡವಾಗಿ ಕಂಡರೆ ಕಡಿಮೆಯಿತ್ತು. ಎಷ್ಟನೆಯ ಸುತ್ತಿನಲ್ಲಿ ಹೊಳಪು ಕಂಡಿತು ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿ ಸಂಖ್ಯೆ ಹೇಳುತ್ತಾರೆ.

ಲಾಗರಿದಮ್ ಬಂತು

‘ಲಾಗರಿದಮ್ ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್?’ ಎಂದು ಮಕ್ಕಳು ಕೇಳುವುದುಂಟು. ಇಲ್ಲಿ ಬರುತ್ತದೆ. ಚಿಕಿತ್ಸೆ ಇಲ್ಲದವರಲ್ಲಿ ಈ ಸಂಖ್ಯೆ ಸಾವಿರಗಳಿಂದ ಲಕ್ಷಗಳವರೆಗೆ ಇರಬಹುದು. ಆದ್ದರಿಂದ ವರದಿಯಲ್ಲಿ ಸಂಖ್ಯೆಯ ಜೊತೆಗೆ ಅದರ ಲಾಗ್ ಬೆಲೆಯನ್ನೂ ಕೊಡುವುದುಂಟು. 1,00,000ದ ಲಾಗ್ 5. 1,000ದ ಲಾಗ್ 3. ವರದಿಯಲ್ಲಿ 5 ಇದ್ದದ್ದು 3 ಆದರೆ ‘ಎರಡೇ ಕಡಿಮೆಯಾಯಿತು’ ಎಂದು ಪೆಚ್ಚಾಗಬೇಡಿ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ವೈರಸ್ ಕಡಿಮೆಯಾಗಿದೆ!

ಅದೇ ರೀತಿ, 8,000 ಇದ್ದದ್ದು 10,000 ಆಯಿತೆಂದು ಗಾಬರಿ ಬೀಳಬೇಕಿಲ್ಲ. ಒಬ್ಬರ ರಕ್ತವನ್ನೇ ಎರಡು ಬಾರಿ ಪರೀಕ್ಷಿಸಿದರೂ ಅಷ್ಟು ವ್ಯತ್ಯಾಸ ಬರಬಹುದು. ಸುಮಾರು ಮೂರು ಪಟ್ಟು, ಅಂದರೆ ಅರ್ಧ ಲಾಗ್ ಬದಲಾದರೆ ಮಾತ್ರ ಅದನ್ನು ನಿಜವಾದ ಏರಿಳಿತವೆಂದು ಪರಿಗಣಿಸುತ್ತಾರೆ. ಹಾಗೆಂದು 8,000, 10,000 ನೆಮ್ಮದಿಯ ಸಂಖ್ಯೆಗಳಲ್ಲ. ಚಿಕಿತ್ಸೆಯಲ್ಲಿರುವವರಲ್ಲಿ ಸಂಖ್ಯೆ 1,000 ದಾಟಿದರೆ ಮಾತ್ರೆ ತಪ್ಪಿದೆಯೇ, ಔಷಧಿಗೆ ವೈರಸ್ ಬಗ್ಗುತ್ತಿಲ್ಲವೇ ಎಂದು ವೈದ್ಯರು ವಿಚಾರಿಸುತ್ತಾರೆ.

ತಕ್ಕಡಿ ಮತ್ತು ಸಾಸಿವೆ

ಈಗ ನನ್ನ ಶಿಷ್ಯನ ಪ್ರಶ್ನೆಗೆ ಬರೋಣ. ತರಕಾರಿ ಅಂಗಡಿಯ ತಕ್ಕಡಿಯಲ್ಲಿ ಒಂದು ಸಾಸಿವೆ ಕಾಳು ಇಡಿ. ಮುಳ್ಳು ಅಲುಗುವುದಿಲ್ಲ. ಹಾಗೆಂದು ತಟ್ಟೆಯಲ್ಲಿ ಸಾಸಿವೆ ಇಲ್ಲವೆಂದು ಹೇಳಲಾದೀತೆ? ವೈರಲ್ ಲೋಡ್ ಯಂತ್ರಕ್ಕೂ ಇಂಥ ಮಿತಿಯಿದೆ. ಬಹಳಷ್ಟು ಯಂತ್ರಗಳಿಗೆ ಅದು ಮಿಲಿಲೀಟರಿಗೆ 20ರಿಂದ 50 ಪ್ರತಿ. ‘20ಕ್ಕಿಂತ ಕಡಿಮೆ’ ಎಂದಿದ್ದರೆ ವೈರಸ್ಸಿನ ಸುಳಿವು ಸಿಕ್ಕಿದೆ, ಎಣಿಸುವಷ್ಟಿಲ್ಲ ಎಂದರ್ಥ. ‘ಪತ್ತೆಯಾಗಿಲ್ಲ’ ಎಂದಿದ್ದರೆ ಆ ಮಾದರಿಯಲ್ಲಿ ಸುಳಿವೂ ಸಿಕ್ಕಿಲ್ಲ. ಎರಡೂ ಒಳ್ಳೆಯ ಸುದ್ದಿಯೇ.

ಆದರೆ ಪರೀಕ್ಷೆ ನೋಡುವುದು ಪ್ಲಾಸ್ಮಾವನ್ನು ಮಾತ್ರ. ವೈರಸ್ ತನ್ನ ಮಾಹಿತಿಯನ್ನು ನಮ್ಮ ಸಿಡಿ4 ರಕ್ಷಣಾ ಕೋಶಗಳ ಡಿ.ಎನ್.ಎ.ಯೊಳಗೇ ಸೇರಿಸಿಬಿಟ್ಟಿರುತ್ತದೆ. ಅಂಥ ಕೆಲವು ಕೋಶಗಳು ವರ್ಷಗಟ್ಟಲೆ ನಿದ್ರಿಸುತ್ತವೆ. ಮಾತ್ರೆಗಳು ಹೊಸ ವೈರಸ್ ಬೆಳೆಯದಂತೆ ತಡೆಯುತ್ತವೆಯೇ ಹೊರತು ನಿದ್ರಿಸುವ ಕೋಶಗಳನ್ನು ಮುಟ್ಟಲಾರವು. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ರಕ್ತಕ್ಕಿಳಿಯುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಔಷಧಿಗೆ ಜಗ್ಗದ ತಳಿ ಹುಟ್ಟುವ ಅಪಾಯವೂ ಉಂಟು.

‘ನೋಡಪ್ಪಾ, ಈ ಕಾಗದ ಮಾತ್ರೆ ನಿಲ್ಲಿಸು ಅನ್ನುತ್ತಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆ, ಮುಂದುವರಿಸು ಅನ್ನುತ್ತಿದೆ’ ಎಂದೆ. ಅವನು ತಲೆಯಾಡಿಸಿದ.

ಗೇಟಿನ ಬಳಿಯ ಪ್ರಶ್ನೆ

ಹೊರಟವನು ಗೇಟಿನ ಬಳಿ ನಿಂತ. ‘ಸಾರ್, ಮನೆಯವಳಿಗೆ ಇಲ್ಲ, ನೆಗೆಟಿವ್. ಅವಳಿಗೆ ನನ್ನಿಂದ...’ ಎಂದು ತಡವರಿಸಿದ. ಅವನು ನಿಜವಾಗಿ ಕೇಳಲು ಬಂದದ್ದು ಇದನ್ನೇ ಇರಬೇಕು.

ಇದಕ್ಕೂ ವಿಜ್ಞಾನ ಉತ್ತರ ಕೊಟ್ಟಿದೆ. ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಸೋಂಕು ತಗಲುವುದು ಬಹಳ ಕಡಿಮೆಯಾಗುತ್ತದೆಂದು 2011ರಲ್ಲಿ ಒಂದು ದೊಡ್ಡ ಅಧ್ಯಯನ ತೋರಿಸಿತು. ಅದರಲ್ಲಿ ನಮ್ಮ ಪುಣೆ, ಚೆನ್ನೈಗಳ ದಂಪತಿಗಳೂ ಇದ್ದರು. ಯುರೋಪಿನಲ್ಲಿ ನಡೆದು 2016 ಮತ್ತು 2019ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ವೈರಲ್ ಲೋಡ್ 200ಕ್ಕಿಂತ ಕಡಿಮೆಯಿದ್ದವರಿಂದ ಸಂಗಾತಿಗೆ ಸೋಂಕು ದಾಟಿದ ಒಂದೇ ಒಂದು ಪ್ರಕರಣವೂ ಸಿಗಲಿಲ್ಲ. ಮಾತ್ರೆ ತಪ್ಪದೆ ‘ಪತ್ತೆಯಾಗಿಲ್ಲ’ ಎಂಬ ಸ್ಥಿತಿಯನ್ನು ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಎಚ್.ಐ.ವಿ. ಹರಡುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಈ ಮಾತು ಸೂಜಿ ಹಂಚಿಕೊಳ್ಳುವುದಕ್ಕಾಗಲಿ ರಕ್ತದಾನಕ್ಕಾಗಲಿ ಅನ್ವಯಿಸುವುದಿಲ್ಲ. ಮಗು ಬೇಕೆನ್ನುವವರು ವೈದ್ಯರನ್ನು ಮೊದಲೇ ಕಾಣಬೇಕು.

ಇದನ್ನು ಕೇಳಿ ಅವನು ಗೇಟು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ.

ನನ್ನದೂ ಒಂದು ತಪ್ಪು

1990ರ ದಶಕದ ಕೊನೆಯಲ್ಲಿ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಪ್ಪುಹಲಗೆಯ ಮೇಲೆ ತಲೆಬುರುಡೆ ಬರೆದು ‘ಏಡ್ಸ್ ಎಂದರೆ ಸಾವು’ ಎಂದು ಪಾಠ ಮಾಡಿದ್ದೆ. ಹೆದರಿದರೆ ಮಕ್ಕಳು ಹುಷಾರಾಗಿರುತ್ತಾರೆಂಬ ಭಾವನೆ. ಆಗ ಬಡವರ ಕೈಗೆಟಕುವ ಔಷಧಿಯೂ ಇರಲಿಲ್ಲವೆನ್ನಿ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಪಾಠ ಹೇಳುವ ನಾನು ಮಾತ್ರ ತಲೆಬುರುಡೆಯನ್ನು ಬಹಳ ವರ್ಷ ಅಳಿಸಲಿಲ್ಲ. ಆ ತರಗತಿಯಲ್ಲಿ ಇವನೂ ಕುಳಿತಿದ್ದ. ‘ರಿಪೋರ್ಟ್ ಬಂದ ದಿನ ನಿಮ್ಮ ಚಿತ್ರವೇ ಕಣ್ಣ ಮುಂದೆ ಬಂತು ಸಾರ್’ ಎಂದ.

ವಿದ್ಯಾರ್ಥಿಗಳೇ, ತಂದೆ ತಾಯಂದಿರೇ, ಒಟ್ಟಿಗೆ ಕೂತು ಉಣ್ಣುವುದರಿಂದ, ಒಂದೇ ಬೆಂಚಿನಲ್ಲಿ ಕೂರುವುದರಿಂದ ಎಚ್.ಐ.ವಿ. ಬರುವುದಿಲ್ಲ. ಸೋಂಕಿದೆಯೆಂದು ಮಗುವನ್ನು ಶಾಲೆಯಿಂದ ದೂರವಿಡುವುದು 2017ರ ಕಾಯಿದೆ ನಿಷೇಧಿಸಿರುವ ತಾರತಮ್ಯ. ಸೋಂಕು ಇದೆಯೋ ಇಲ್ಲವೋ ತಿಳಿಯಲು ಬೇರೆ ರಕ್ತ ಪರೀಕ್ಷೆಯಿದೆ. ವೈರಲ್ ಲೋಡ್ ಇರುವುದು ಚಿಕಿತ್ಸೆಯ ಫಲ ತಿಳಿಯಲು. ಸರ್ಕಾರಿ ಎ.ಆರ್.ಟಿ. ಕೇಂದ್ರಗಳ ಮೂಲಕ ಅದು ಉಚಿತ. ಚಿಕಿತ್ಸೆ ಆರಂಭವಾದ 6 ಮತ್ತು 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಮಾಡುತ್ತಾರೆ. ಸಂದೇಹವಿದ್ದರೆ 1097ಕ್ಕೆ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ವರದಿಯ ಅರ್ಥ ತಿಳಿಯದಿದ್ದರೆ ಹಿಂದೆ ಎಷ್ಟೇ ದೊಡ್ಡ ಸಾಲಿದ್ದರೂ ವೈದ್ಯರನ್ನು ಕೇಳಿಯೇ ಎದ್ದು ಬನ್ನಿ.