ತಾಳ ತಪ್ಪಿದ ನಾಡಿ, ತಾಲ್ಲೂಕಿನ ದೂರ

ಸೇಡಂನಲ್ಲಿ ರೈಲು ಹತ್ತಿದರೆ ಚಿತ್ತಾಪುರ, ವಾಡಿ, ಶಹಾಬಾದ್ ದಾಟಿ ಕಲಬುರಗಿ. ರಕ್ತ ಪರೀಕ್ಷಿಸಿ ಮಾತ್ರೆಯ ಪ್ರಮಾಣ ತಿದ್ದಿಸಿಕೊಳ್ಳಲೆಂದೇ ನಾನು ಈ ಹಾದಿಯಲ್ಲಿ ವರ್ಷಗಳಿಂದ ಓಡಾಡುತ್ತಿದ್ದೇನೆ. ನನ್ನ ನಾಡಿ ಈಗ 60 ಇದ್ದರೆ ಅರ್ಧ ಗಂಟೆಯಲ್ಲಿ 130. ಮಿಡಿತಗಳ ನಡುವಿನ ಅಂತರಕ್ಕೆ ಯಾವ ಕ್ರಮವೂ ಇಲ್ಲ. ವೈದ್ಯರು ಇದನ್ನು ಏಟ್ರಿಯಲ್ ಫೈಬ್ರಿಲೇಷನ್ ಎನ್ನುತ್ತಾರೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಬರಿದೇ ಅದುರುತ್ತವೆ. ಕೆಲವು ಬಡಿತಗಳಂತೂ ಮಣಿಕಟ್ಟನ್ನು ತಲುಪದಷ್ಟು ದುರ್ಬಲ. ಎದೆಯ ಲೆಕ್ಕವೂ ಕೈಯ ಲೆಕ್ಕವೂ ತಾಳೆಯಾಗುವುದಿಲ್ಲ. ಸರ್ಕಾರಿ ಲೆಕ್ಕ ತಾಳೆ ನೋಡುತ್ತಲೇ ನಿವೃತ್ತನಾದವನಿಗೆ ಇದೊಂದು ವಿಡಂಬನೆ.

ಅದುರುವ ಕೋಣೆಯಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗುತ್ತದೆ. ಅದು ಮಿದುಳಿಗೆ ಸಾಗಿದರೆ ಲಕ್ವ. ಈ ತೊಂದರೆಯುಳ್ಳವರಿಗೆ ಪಾರ್ಶ್ವವಾಯುವಿನ ಸಂಭವ ಇತರರಿಗಿಂತ ಸುಮಾರು 5 ಪಟ್ಟು ಹೆಚ್ಚು. ಎದೆ ಡವಗುಟ್ಟದೆಯೂ ಇದು ಇರಬಹುದಾದ್ದರಿಂದ, ಎಷ್ಟೋ ಮಂದಿಗೆ ನಾಡಿ ತಪ್ಪಿದ್ದು ತಿಳಿಯುವುದೇ ಲಕ್ವ ಹೊಡೆದ ಮೇಲೆ.

ಹೆಪ್ಪು ತಡೆಯುವ ವಾರ್ಫರಿನ್ ಅಗ್ಗದ ಮಾತ್ರೆ, ಆದರೆ ಮುಂಗೋಪಿ. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಐಎನ್‌ಆರ್ ಎಂಬ ಪರೀಕ್ಷೆಯ ಅಂಕ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಶಕ್ತಿಯನ್ನು ಕುಂದಿಸುತ್ತದೆ. ಪುಂಡಿಪಲ್ಯವಿಲ್ಲದ ಜೋಳದ ರೊಟ್ಟಿ ನಮ್ಮಲ್ಲಿ ಊಟವೇ ಅಲ್ಲ! ಸೊಪ್ಪನ್ನು ಬಿಡಬೇಕಾಗಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಏರುಪೇರಾಗದಿದ್ದರೆ ಸಾಕು. ಮಳೆಗಾಲದಲ್ಲಿ ಸೊಪ್ಪು ಹೇರಳವಾದಾಗಲೇ ನನ್ನ ಅಂಕ ಇಳಿಯುತ್ತದೆಂದು ಮೊದಲು ಗಮನಿಸಿದವರು ವೈದ್ಯರಲ್ಲ, ನನ್ನ ಪತ್ನಿ.

ಈ ಪರೀಕ್ಷೆಯ ಗೋಜಿಲ್ಲದ ಹೊಸ ಔಷಧಗಳು ಬಂದಿವೆ. ಆದರೆ ಬಾಲ್ಯದ ಸಂಧಿವಾತ ಜ್ವರದಿಂದ ಕವಾಟ ಕಿರಿದಾದವರಿಗೆ ಅವು ಒದಗುವುದಿಲ್ಲ. 24 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ ಇಂಥವರ ಪೈಕಿ ಸಾವು ಕಡಿಮೆ ಕಂಡದ್ದು ವಾರ್ಫರಿನ್ ಬಗೆಯ ಹಳೆಯ ಔಷಧ ಪಡೆದವರಲ್ಲಿ. ನನ್ನದೂ ಅದೇ ಪ್ರಕರಣ. ಈ ಜ್ವರ ಇಕ್ಕಟ್ಟಾದ, ಬಡ ಮನೆಗಳನ್ನೇ ಹೆಚ್ಚಾಗಿ ಹುಡುಕಿಕೊಂಡು ಬರುತ್ತದೆ. ಹಾಸುಗಲ್ಲಿನ ಗಣಿಯ ಕೂಲಿಕಾರನಿಗೆ ಪರೀಕ್ಷೆಯ ಶುಲ್ಕಕ್ಕಿಂತ ಭಾರವಾಗುವುದು ತನ್ನ ಮತ್ತು ಜೊತೆಗೆ ಬಂದವರ ಒಂದು ದಿನದ ಕೂಲಿ. ಅರ್ಥಶಾಸ್ತ್ರ ಇದನ್ನು ಅವಕಾಶ ವೆಚ್ಚ ಎನ್ನುತ್ತದೆ. ಚಿಂಚೋಳಿಯವರಿಗಂತೂ ರೈಲೂ ಇಲ್ಲ. ಮೊದಲು ಪರೀಕ್ಷೆ ತಪ್ಪುತ್ತದೆ, ಆಮೇಲೆ ಮಾತ್ರೆ.

ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಹೃದಯಾಘಾತವಾದವರಿಗೆ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು ಚುಚ್ಚುಮದ್ದು ನೀಡುವುದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶ. ಸ್ವಾಗತಾರ್ಹವೇ. ಅದರೊಡನೆ ಬೆರಳ ತುದಿಯ ಹನಿ ರಕ್ತದಿಂದ ಐಎನ್‌ಆರ್ ತೋರಿಸುವ ಪುಟ್ಟ ಮೀಟರ್ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಲಿ. ರಕ್ತದೊತ್ತಡ ನೋಡುವಾಗ ಯಂತ್ರದ ಅಂಕಿಯನ್ನಷ್ಟೇ ಬರೆದುಕೊಳ್ಳದೆ, ಪೂರ್ತಿ ಒಂದು ನಿಮಿಷ ಕೈಹಿಡಿದು ನಾಡಿ ನೋಡಲಿ. ಇದಕ್ಕೆ ಆಯವ್ಯಯದಲ್ಲಿ ಬಿಡಿಗಾಸೂ ಬೇಕಿಲ್ಲ.

ಕಳೆದ ತಿಂಗಳು ವಾಡಿಯಲ್ಲಿ ಪರಿಚಯದ ಗಣಿ ಕಾರ್ಮಿಕರೊಬ್ಬರು ಸಿಕ್ಕರು. ‘ಸಾಹೇಬ್ರೇ, ಗುಳಗಿ ಬಿಟ್ಟು ಎರಡ ತಿಂಗಳ ಆಯ್ತರಿ, ಏನೂ ಆಗಿಲ್ಲಲ್ರೀ’ ಎಂದರು. ಅದೇ ರೈಲಿನಲ್ಲಿ ಕಲಬುರಗಿಗೆ ಕರೆದೊಯ್ದೆ. ಅವರ ಅಂಕ 1.1 ಇತ್ತು.