ಕೊಲೆಗಾರ ಯಾರೆಂದು ಮೊದಲೇ ಗೊತ್ತಿರುತ್ತದೆಯೇ?

ಪ್ರಶ್ನೆ: ಪತ್ತೇದಾರಿ ಕಾದಂಬರಿ ಬರೆಯೋರಿಗೆ ಕೊಲೆ ಮಾಡಿದವರು ಯಾರಂತ ಮೊದಲೇ ಗೊತ್ತಿರ್ತದಾ? – ಓದುಗರು, ನೀಲಗುಂದ

ಬಹಳಷ್ಟು ಜನಕ್ಕೆ ಗೊತ್ತಿರುತ್ತದೆ, ಆದರೆ ಅದೇ ಕಡೆತನಕ ನಿಲ್ಲುತ್ತದೆಂದಲ್ಲ. ಇಂಗ್ಲಿಷ್ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ ಬಿಟ್ಟುಹೋದ 70ಕ್ಕೂ ಹೆಚ್ಚು ನೋಟ್‌ಬುಕ್‌ಗಳನ್ನು ನೋಡಿದವರಿಗೆ ಇದು ಗೊತ್ತು: ಒಂದೇ ಕೊಲೆಯನ್ನು ಇವರ ತಲೆಗೆ ಕಟ್ಟಿ, ಸರಿಹೋಗದಿದ್ದರೆ ಅವರ ತಲೆಗೆ ಕಟ್ಟಿ ನೋಡಿದ್ದಾರೆ. ಮನೆಖರ್ಚಿನ ಟಿಪ್ಪಣಿಯೂ ಅದೇ ಪುಸ್ತಕದಲ್ಲಿ!

ಕೊಲೆಗಾರ ಬದಲಾದರೂ, ಆಕೆಯ ಕಥೆಗಳ ವಿಷದ ವಿಚಾರ ಮಾತ್ರ ಊಹೆಯಲ್ಲ. ಮೊದಲ ಮಹಾಯುದ್ಧದಲ್ಲಿ ಆಕೆ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದವರು. 1920ರಲ್ಲಿ ಬಂದ ಮೊದಲ ಕಾದಂಬರಿಯ ಗುಟ್ಟು ಅಲ್ಲಿಯದೇ: ಸ್ಟ್ರಿಕ್ನಿನ್ ಇರುವ ಟಾನಿಕ್‌ಗೆ ಬ್ರೋಮೈಡ್ ಬೆರೆಸಿದರೆ ವಿಷ ಬಾಟಲಿಯ ತಳದಲ್ಲಿ ಕೂರುತ್ತದೆ, ಕೊನೆಯ ಗುಟುಕೇ ಸಾವು. ಕೊಲೆಗಾರ ಆ ಹೊತ್ತಿಗೆ ಮನೆಯಲ್ಲಿರಬೇಕಾದ್ದೇ ಇಲ್ಲ.

ನಮ್ಮಲ್ಲಿ ಎನ್. ನರಸಿಂಹಯ್ಯ. ಓದಿದ್ದು ನಾಲ್ಕನೇ ಇಯತ್ತೆ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. 1952ರಲ್ಲಿ ಶುರುವಾದ ಅವರ ಕಥಾನಾಯಕ ಪತ್ತೇದಾರ ಪುರುಷೋತ್ತಮನಿಗಾಗಿ ಎಷ್ಟೋ ಮಂದಿ ಕನ್ನಡ ಓದಲು ಕಲಿತರೆಂಬ ಮಾತಿದೆ. ಆ ವೇಗದಲ್ಲಿ ತಿದ್ದಿ ಬರೆಯಲು ಪುರುಸೊತ್ತೆಲ್ಲಿ? ವಿಮರ್ಶಕರು ಅವರನ್ನು ಮೂಲೆಗಿಟ್ಟದ್ದು ನನಗಂತೂ ಸರಿಕಾಣದು.

ನಿಮಗೂ ಬರೆಯುವ ಆಸೆಯಿದ್ದರೆ, ರಕ್ತ ಕಾಣಿಸದ, ಊರೊಳಗೇ ನಡೆಯುವ ಕಥೆಗೆ ಬೇಕಾದದ್ದು ಪರಸ್ಪರ ಬಲ್ಲ ಹತ್ತಿಪ್ಪತ್ತು ಜನ, ಒಬ್ಬ ಕುತೂಹಲದ ಅಜ್ಜಿ. ನೀಲಗುಂದದ ಭೀಮೇಶ್ವರ ಗುಡಿಯ ಕಟ್ಟೆ ಸಾಕು. ನೀವೇ ಬರೆಯಿರಲ್ಲ!