ಅರಳು ಮರಳು ಎಂದು ಸುಮ್ಮನಾಗಬೇಡಿ: ಹಿರಿಯರ ಮರೆವಿನ ತಪಾಸಣೆ

ಮನೆಯಲ್ಲಿ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದರೆ "ಅರವತ್ತಕ್ಕೆ ಅರಳು ಮರಳು" ಎಂದು ನಕ್ಕು ಬಿಡುವುದು ನಮ್ಮಲ್ಲಿ ರೂಢಿ. ಹೀಗೆ ಬಿಟ್ಟಿದ್ದರಿಂದಲೇ ಎಷ್ಟೋ ಜನ ಅಜ್ಜ ಅಜ್ಜಿಯರು ದವಾಖಾನೆಗೆ ಬಹಳ ತಡವಾಗಿ ಬರುತ್ತಾರೆ. ಕೆಲವೊಮ್ಮೆ ದವಾಖಾನೆಗೆ ತಪ್ಪದೆ ಬಂದರೂ ಮರೆವು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಅಜ್ಜ ಪ್ರತಿ ತಿಂಗಳು ಸಕ್ಕರೆ ಕಾಯಿಲೆ ತೋರಿಸಲು ಬರುತ್ತಿದ್ದರು. "ಹೆಂಗದೀರಿ ಅಜ್ಜಾರ?" ಎಂದರೆ "ಆರಾಮ ಅದೀನವಾ" ಎಂದು ನಗುತ್ತಿದ್ದರು. ರಕ್ತದ ಸಕ್ಕರೆ ಮಾತ್ರ ಹಿಡಿತಕ್ಕೆ ಬರಲಿಲ್ಲ. ಪಥ್ಯ ಮಾಡುತ್ತಿಲ್ಲವೆಂದು ನಾವು ಬೈದೆವು, ಗುಳಿಗೆ ಹೆಚ್ಚಾಯಿತು. ಒಂದು ಬೆಳಗಿನ ಜಾವ ಮೈಯೆಲ್ಲ ಬೆವತು, ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಅವರನ್ನು ಕರೆತಂದರು. ಸಕ್ಕರೆ 40ಕ್ಕೆ ಇಳಿದಿತ್ತು. ಗ್ಲೂಕೋಸ್ ಹಾಕಿ ಚೇತರಿಸಿಕೊಂಡ ಮೇಲೆ ಸೊಸೆ ಹೇಳಿದರು: "ಗುಳಿಗಿ ತಗೊಂಡದ್ದ ನೆನಪ ಇರೂದಿಲ್ರಿ ಅಕ್ಕಾರ. ಒಮ್ಮೊಮ್ಮೆ ಎರಡ ಸಲ ತಗೊಂತಾರ, ಒಮ್ಮೊಮ್ಮೆ ತಗೊಳ್ಳೂದ ಇಲ್ಲ. ಒಂದ ವರ್ಷ ಆತು."

ಆ ಒಂದು ವರ್ಷದಲ್ಲಿ ಅವರು ಹನ್ನೆರಡು ಸಲ ನಮ್ಮ ಮುಂದೆ ಕುಳಿತು ಎದ್ದು ಹೋಗಿದ್ದರು. ಮರೆವಿನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಕೇಳದವರಲ್ಲಿ ನಾನೂ ಒಬ್ಬಳು.

ಯಾವುದು ವಯಸ್ಸಿನ ಮರೆವು, ಯಾವುದು ಕಾಯಿಲೆ?

ಪರಿಚಯದವರ ಹೆಸರು ತಕ್ಷಣ ನೆನಪಾಗದೆ ಸ್ವಲ್ಪ ಹೊತ್ತಿನ ಮೇಲೆ ನೆನಪಾಗುವುದು, ಚಸ್ಮಾ ಎಲ್ಲಿಟ್ಟೆನೆಂದು ಹುಡುಕಾಡುವುದು, ಇವು ವಯಸ್ಸಿಗೆ ಸಹಜ. ಊಟ ಮಾಡಿ ಕೈ ತೊಳೆದ ಮೇಲೆ "ನನಗ ಯಾರೂ ಉಣ್ಣಾಕ ಹಾಕಿಲ್ಲ" ಎನ್ನುವುದು ಸಹಜವಲ್ಲ. ನಲವತ್ತು ವರ್ಷ ನಡೆದಾಡಿದ ಹೊಲದ ದಾರಿ ತಪ್ಪುವುದು, ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಿಳಿಯದಿರುವುದು, ದಿನವೂ ಮಾಡುತ್ತಿದ್ದ ಅಡುಗೆಯಲ್ಲಿ ಮುಂದೇನು ಮಾಡಬೇಕೆಂದು ತೋಚದೆ ನಿಲ್ಲುವುದು, ತಾವೇ ಎತ್ತಿಟ್ಟ ಹಣವನ್ನು ಸೊಸೆ ಕದ್ದಳೆಂದು ದೂರುವುದು, ಇಂಥವು ಕಂಡರೆ ಅದನ್ನು ಮೆದುಳಿನ ಕಾಯಿಲೆಯ ಲಕ್ಷಣವೆಂದು ತಿಳಿದು ತಪಾಸಣೆ ಮಾಡಿಸಬೇಕು. ಈ ಕಾಯಿಲೆಗೆ ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದ ನೂರು ಜನರಲ್ಲಿ ಏಳಕ್ಕಿಂತ ಹೆಚ್ಚು ಜನರಿಗೆ ಇದು ಇದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು.

ತಪಾಸಣೆ ಹೇಗಿರುತ್ತದೆ?

ಮೊದಲ ತಪಾಸಣೆಗೆ ಸೂಜಿ ಇಲ್ಲ, ಯಂತ್ರವಿಲ್ಲ. ಐದರಿಂದ ಹತ್ತು ನಿಮಿಷ ಪ್ರಶ್ನೆ ಕೇಳುತ್ತೇವೆ. ಇವತ್ತು ಯಾವ ವಾರ, ಈಗ ಯಾವ ಊರಲ್ಲಿದ್ದೀರಿ ಎಂದು ಕೇಳುತ್ತೇವೆ. ಮೂರು ವಸ್ತುಗಳ ಹೆಸರು ಹೇಳಿ, ಬೇರೆ ಮಾತಾಡಿ, ಆಮೇಲೆ ಆ ಮೂರನ್ನೂ ಹೇಳಲು ಕೇಳುತ್ತೇವೆ. "ಏನವಾ, ನನಗ ಹುಚ್ಚ ಹಿಡದೈತೇನು?" ಎಂದು ಸಿಟ್ಟಾಗುವ ಹಿರಿಯರಿದ್ದಾರೆ. ಅವರ ಸಿಟ್ಟು ತಪ್ಪಲ್ಲ. ಬಿ.ಪಿ. ನೋಡಿದ ಹಾಗೆ ಇದನ್ನೂ ನೋಡುತ್ತೇವೆ, ಇದಕ್ಕೂ ಹುಚ್ಚಿಗೂ ಸಂಬಂಧವಿಲ್ಲ ಎಂದು ಮನೆಯವರು ಮೊದಲೇ ತಿಳಿಹೇಳಿ ಕರೆತಂದರೆ ನಮಗೆ ಅರ್ಧ ಕೆಲಸ ಮುಗಿದಂತೆ.

ಶಾಲೆ ಕಲಿಯದವರಿಗೆ ಈ ಪರೀಕ್ಷೆ ಹೇಗೆ ಎಂದು ಹಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 1975ರಲ್ಲಿ ಅಮೆರಿಕದಲ್ಲಿ ರೂಪಿಸಿದ 30 ಅಂಕಗಳ ಪರೀಕ್ಷೆ ಜಗತ್ತಿನಲ್ಲೆಲ್ಲ ಹೆಸರಾಯಿತು. ಅದರಲ್ಲಿ ಓದಬೇಕು, ಒಂದು ವಾಕ್ಯ ಬರೆಯಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು. ಅಕ್ಷರ ಬಾರದ ಅಜ್ಜಿಗೆ ತಲೆ ಎಷ್ಟೇ ಚುರುಕಾಗಿದ್ದರೂ ಇದರಲ್ಲಿ ಅಂಕ ಕಡಿಮೆಯೇ ಬರುತ್ತದೆ. ಆದ್ದರಿಂದ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಸಂಶೋಧಕರು ಅದನ್ನು ಹಿಂದಿಯಲ್ಲಿ ಬದಲಿಸಿದರು. ಗಡಿಯಾರದ ವೇಳೆಯ ಬದಲು ಈಗ ಮುಂಜಾನೆಯೋ ಸಂಜೆಯೋ ಎಂದು ಕೇಳಿದರು. ನೂರರ ಬದಲು ಇಪ್ಪತ್ತರಿಂದ ಮೂರು ಮೂರು ಕಳೆಯಲು ಹೇಳಿದರು. ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು. ಕನ್ನಡದಲ್ಲಿಯೂ ಹೀಗೆ ಹೊಂದಿಸಿದ ಪ್ರಶ್ನೆಗಳಿವೆ. ಎಷ್ಟನೆಯ ಇಯತ್ತೆ ಕಲಿತಿದ್ದಾರೆ, ಅಥವಾ ಕಲಿತೇ ಇಲ್ಲ ಎಂಬುದನ್ನು ಸಂಕೋಚವಿಲ್ಲದೆ ಹೇಳಿರಿ. ಅಂಕದ ಅರ್ಥ ಅದರ ಮೇಲೆ ನಿಂತಿದೆ.

ಜೊತೆಗೆ ಬಂದವರಲ್ಲಿ ನನ್ನದೊಂದು ಪ್ರಾರ್ಥನೆ: ದಯವಿಟ್ಟು ಪಕ್ಕದಿಂದ ಉತ್ತರ ಹೇಳಿಕೊಡಬೇಡಿ. "ಸೋಮವಾರ ಅಲ್ಲೇನಬೇ?" ಎಂದು ಮಗ ಹೇಳಿಬಿಟ್ಟರೆ ತಾಯಿ ಪಾಸಾಗುತ್ತಾರೆ, ಕಾಯಿಲೆ ಅಡಗಿಕೊಳ್ಳುತ್ತದೆ. ಪ್ರೀತಿಯಿಂದಲೇ ಹೀಗೆ ಮಾಡುತ್ತೀರಿ ಎಂದು ಬಲ್ಲೆ.

ನಿಮ್ಮ ಮಾತಿಗೂ ಸರದಿ ಇದೆ. ದಿನವೂ ಜೊತೆಗಿರುವವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕೇಳುತ್ತೇವೆ. ಹಬ್ಬ ಹುಣ್ಣಿಮೆ ನೆನಪಿರುತ್ತದೆಯೇ? ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಳ್ಳುತ್ತಾರೆಯೇ? ಮನೆಯ ಮದುವೆ ಮಾತುಕತೆಯಲ್ಲಿ ಮೊದಲಿನಂತೆ ಅಭಿಪ್ರಾಯ ಹೇಳುತ್ತಾರೆಯೇ? ಎರಡು ವರ್ಷದ ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ ಎಂಬ ವ್ಯತ್ಯಾಸವನ್ನು ಅಂಕಪಟ್ಟಿ ತೋರಿಸಲಾರದು, ಮನೆಯವರೇ ಹೇಳಬೇಕು. ಹಿರಿಯರ ಎದುರಿನಲ್ಲಿ ಇದನ್ನೆಲ್ಲ ಹೇಳಿ ಅವರ ಮನಸ್ಸು ನೋಯಿಸುವುದು ಬೇಡ.

ಅಂಕ ಕಡಿಮೆ ಬಂದರೆ

ಅಂಕ ಕಡಿಮೆ ಬಂತೆಂದ ಮಾತ್ರಕ್ಕೆ ಡಿಮೆನ್ಷಿಯಾ ಇದೆ ಎಂದು ತೀರ್ಮಾನಿಸುವುದಿಲ್ಲ. ಒಬ್ಬ ಅಜ್ಜಿಗೆ ನನ್ನ ಪ್ರಶ್ನೆಗಳೇ ಕೇಳಿಸಿರಲಿಲ್ಲ. ಎರಡೂ ಕಿವಿಯಲ್ಲಿ ಗುಗ್ಗೆ ತುಂಬಿತ್ತು. ತೆಗೆಸಿದ ಮೇಲೆ ಎಲ್ಲಕ್ಕೂ ಉತ್ತರ ಕೊಟ್ಟು, ನನ್ನ ಮದುವೆ ಯಾವಾಗ ಎಂದು ತಿರುಗಿ ಕೇಳಿದರು!

ಥೈರಾಯಿಡ್ ಕೊರತೆ, ಬಿ12 ವಿಟಮಿನ್ ಕೊರತೆ, ಗಂಡ ಅಥವಾ ಹೆಂಡತಿ ತೀರಿಕೊಂಡ ಮೇಲೆ ಕವಿಯುವ ಖಿನ್ನತೆ, ನಿದ್ದೆ ಗುಳಿಗೆ, ಕುಡಿತ, ತಿಂಗಳ ಹಿಂದೆ ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ನಿಂತ ರಕ್ತ, ಇವೆಲ್ಲವೂ ಮರೆವು ತರಬಲ್ಲವು. ಇವುಗಳಿಗೆ ಚಿಕಿತ್ಸೆ ಇದೆ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಅದು ಇನ್ನಷ್ಟು ಇಳಿಯಬಹುದು. ಹಾಗೆಂದು ಗುಳಿಗೆ ಬಿಡಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಆದರೆ ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದವರು ಒಮ್ಮೆಲೇ ಗೊಂದಲಕ್ಕೆ ಬಿದ್ದು ಏನೇನೋ ಮಾತಾಡತೊಡಗಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನಂಶ ಇಳಿಯುವುದು, ಪಾರ್ಶ್ವವಾಯು ಇರಬಹುದು. ಅದೇ ದಿನ, ರಾತ್ರಿಯಾದರೂ ಸರಿ, ಕರೆತನ್ನಿ.

ಏನೂ ತೊಂದರೆ ಇಲ್ಲದ ಹಿರಿಯರೆಲ್ಲರಿಗೂ ಈ ಪರೀಕ್ಷೆ ಬೇಕೆ? ಹಾಗೆ ಮಾಡುವುದರಿಂದ ಲಾಭವಿದೆ ಎನ್ನಲು ಪುರಾವೆ ಸಾಲದೆಂದು 2020ರಲ್ಲಿ ಅಮೆರಿಕದ ತಜ್ಞರ ಸಮಿತಿ ಹೇಳಿತು. ನನ್ನ ಅಭಿಪ್ರಾಯವೂ ಎಲ್ಲರನ್ನೂ ಹಿಡಿದು ಕೂರಿಸಬೇಕೆಂದಲ್ಲ. ಮನೆಯವರಿಗೆ ಸಂಶಯ ಬಂದಾಗ, ಹಿರಿಯರೇ "ನೆನಪು ಹೋಗತೈತಿ" ಎಂದಾಗ, ಸಕ್ಕರೆ ಬಿ.ಪಿ. ಕಾರಣವಿಲ್ಲದೆ ಏರಿಳಿದಾಗ ಕೇಳಲೇಬೇಕು. ನಾವು ಕೇಳದಿದ್ದರೆ ನೀವೇ ಬಾಯಿ ಬಿಟ್ಟು ಹೇಳಿ.

ಡಿಮೆನ್ಷಿಯಾ ಎಂದು ಖಚಿತವಾದರೆ ಅದನ್ನು ಪೂರ್ತಿ ಗುಣಪಡಿಸುವ ಔಷಧ ಇಲ್ಲ. ಕೆಲವರಿಗೆ ಗುಳಿಗೆಗಳಿಂದ ಸ್ವಲ್ಪ ಕಾಲ ಅನುಕೂಲವಾಗುತ್ತದೆ. ಬೇಗ ತಿಳಿದರೆ ಹೊಲ, ಬ್ಯಾಂಕಿನ ವ್ಯವಹಾರವನ್ನು ಅವರಿಗೆ ತಿಳುವಳಿಕೆ ಇರುವಾಗಲೇ, ಅವರ ಇಚ್ಛೆಯಂತೆ ಮಾಡಬಹುದು. ಗ್ಯಾಸ್ ಒಲೆ, ಬಾವಿ, ರಸ್ತೆಯ ಬಗ್ಗೆ ಎಚ್ಚರ ವಹಿಸಬಹುದು. ಕಿಸೆಯಲ್ಲಿ ವಿಳಾಸದ ಚೀಟಿ ಇಡಬಹುದು. ಮೇಲೆ ಹೇಳಿದ ಅಜ್ಜನಿಗೆ ವೈದ್ಯರು ಗುಳಿಗೆ ಕಡಿಮೆ ಮಾಡಿದರು, ಗುಳಿಗೆ ಡಬ್ಬಿ ಸೊಸೆಯ ಕೈಗೆ ಹೋಯಿತು. ಮರೆವು ಹೋಗಲಿಲ್ಲ, ಆದರೆ ಎಚ್ಚರ ತಪ್ಪಿ ಅವರು ಮತ್ತೆ ಬರಲಿಲ್ಲ.

ಹೆಚ್ಚಿನ ತಪಾಸಣೆ ಬೇಕಾದರೆ ನಮ್ಮ ವೈದ್ಯರು ಬರೆದುಕೊಡುತ್ತಾರೆ. ಕರ್ನಾಟಕ ಸರ್ಕಾರವು ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು, ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳು ತೆರೆದಿವೆ. ಹಿರಿಯ ನಾಗರಿಕರ ಸಹಾಯವಾಣಿ 14567.

ಬರುವಾಗ ಹಿರಿಯರ ಚಸ್ಮಾ, ಕಿವಿಯ ಯಂತ್ರ ಇದ್ದರೆ ಅದು, ಹಳೆಯ ಚೀಟಿಗಳು, ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ತನ್ನಿ. ಊರಿನಿಂದ ರಜೆಗೆ ಬಂದ ಮಗನಿಗಿಂತ ದಿನವೂ ಅವರಿಗೆ ಊಟ ಬಡಿಸುವವರು ಜೊತೆಗೆ ಬರಲಿ.